ಮೇ ಹತ್ತೊಂಬತ್ತರ ವಾರ್ತೆ

ಜೂನ್ 4

ವಾರ್ಡನ್ನಮ್ಮನಿಗೆ ಅಣ್ಣ ಬರೆಯುವುದು,

ಇನ್ನೂರು ಹುಡುಗಿಯರ ಹಾಸ್ಟೆಲನ್ನು ಅಂಗೈಯಲ್ಲಿ ಇಟ್ಟುಕೊಂಡಿರುವ ನಿನಗೆ, ಒಬ್ಬ ಮುದುಕಿಯನ್ನು ಹಿಡಿದಿಡಲಾಗದ ಈ ಅಣ್ಣನ ಅವಸ್ಥೆ ಕೇಳಿ ನಗು ಬಂದೀತು. ನಕ್ಕುಬಿಡು, ಆಮೇಲೆ ಓದು.

ಮನೆಗೆ ಫೋನ್ ಮಾಡಿದರೆ ಹೋಗುತ್ತಿಲ್ಲ ಅಂತ ಗಾಬರಿಯಾಗಿರಬೇಕು. ನಾನೇ ಬಿಚ್ಚಿಸಿದೆ. ಟಿವಿಯಲ್ಲಿ ಯಾವ ನಂಬರು ಬಂದರೂ ಅಮ್ಮ ತಿರುಗಿಸಿಬಿಡುತ್ತಾಳೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆ ಊರು ಜೋಡಿಸಿದ ಕೈ. ನಂಬರು ಕಂಡ ಮೇಲೆ ಸುಮ್ಮನಿರು ಅಂದರೆ ಕೇಳುತ್ತದೆಯೇ? ಒಂದು ಸಾಬೂನಿನ ಕಂಪನಿಗೆ ಒಂದೇ ವಾರದಲ್ಲಿ ಹದಿನೇಳು ಸಲ ಮಾಡಿದ್ದಾಳೆ. ಆ ಕಡೆಯವರು ಎತ್ತಿದ ಕೂಡಲೇ "ಲೈನಲ್ಲಿದಾರೆ, ಮಾತಾಡಿ" ಎಂದು ರಿಸೀವರನ್ನು ಟಿವಿಯ ಮುಖಕ್ಕೆ ಹಿಡಿಯುತ್ತಾಳೆ. ಅಂಗಡಿಯ ಫೋನು ಇದೆ, ಆದರೆ ಗಿರಾಕಿಗಳ ಎದುರಿಗೆ ಹೆತ್ತ ತಾಯಿಯ ಕಥೆ ಹೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಕಾಗದ.

ನಿನ್ನ ಅಣ್ಣ ಮೆಟ್ಟಿಲ ಕೆಳಗೆ ಕೂತು ರೇಡಿಯೋಕ್ಕೆ ಬೆಸುಗೆ ಹಾಕುತ್ತಿದ್ದವನು, ಇವತ್ತು ಇಪ್ಪತ್ತೊಂದು ಟಿವಿ ಸಾಲಾಗಿ ಉರಿಯುವ ಅಂಗಡಿ ಇಟ್ಟಿದ್ದಾನೆ. ಊರಿಗೆಲ್ಲ ಟಿವಿ ಮಾರಿದವನ ಮನೆಯಲ್ಲಿ ಟಿವಿಯೇ ವೈರಿಯಾಗಿದೆ. ವಾರ್ತೆ ಓದುವ ಕನ್ನಡಕದವನು ತನ್ನನ್ನೇ ನೋಡುತ್ತಾನೆ ಎಂದು ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಾಳೆ, "ಊಟ ಆಯ್ತೇನಪ್ಪ" ಎಂದು ಕೇಳುತ್ತಾಳೆ. ಅವನು ಉತ್ತರ ಕೊಡದೆ ರಸ್ತೆ ಅಪಘಾತದ ಸುದ್ದಿ ಹೇಳಿದರೆ ಅಳುತ್ತಾಳೆ. ಧಾರಾವಾಹಿಯಲ್ಲಿ ಒಬ್ಬಳ ಕುತ್ತಿಗೆ ಹಿಸುಕಿದ ದಿನ ಪಕ್ಕದ ಮನೆಗೆ ಓಡಿ "ನಮ್ಮನೇಲಿ ಕೊಲೆ ಆಗ್ತಿದೆ" ಎಂದಳು. ಆಗ ಮನೆಯಲ್ಲಿದ್ದ ಗಂಡಸು ನಾನೊಬ್ಬನೇ. ಪಕ್ಕದ ಮನೆಯಾಕೆ ಇವತ್ತಿಗೂ ನನ್ನನ್ನು ಒಂಥರಾ ನೋಡುತ್ತಾಳೆ.

ಆರಿಸಿಟ್ಟರೂ ಸುಖವಿಲ್ಲ. ಕಪ್ಪು ಗಾಜಿನಲ್ಲಿ ತನ್ನದೇ ನೆರಳು ಕಂಡು, "ಆಯಮ್ಮನ್ನ ಯಾಕೆ ಕತ್ತಲಲ್ಲಿ ಕೂರಿಸಿದೀಯ" ಎಂದು ಜಗಳ. ಈಗ ಆರಿಸಿದ ಮೇಲೆ ಬಟ್ಟೆ ಹೊದಿಸುತ್ತೇನೆ. ರಿಮೋಟಿನಲ್ಲಿದ್ದ ನಲವತ್ತೆರಡು ಗುಂಡಿಗಳ ಮೇಲೆ ರಟ್ಟು ಕತ್ತರಿಸಿ ಅಂಟಿಸಿ ಎರಡನ್ನು ಮಾತ್ರ ಬಿಟ್ಟಿದ್ದೇನೆ: ಹಚ್ಚುವುದು, ಆರಿಸುವುದು.

ಇಷ್ಟರ ಮೇಲೆ ನನ್ನ ತಲೆ ಒಂದು ಒಳ್ಳೆಯ ಕೆಲಸ ಮಾಡಿತು. ದಿನವೂ ಹೊಸ ಸುದ್ದಿ ಯಾಕೆ ಬೇಕು? ಅಮ್ಮನಿಗೆ ನಿನ್ನೆ ನೆನಪಿಲ್ಲ, ನಾಳೆ ಬೇಕಾಗಿಲ್ಲ. ಹದಿನೈದು ದಿನ ಏಳು ಗಂಟೆಯ ವಾರ್ತೆಯನ್ನು ರೆಕಾರ್ಡ್ ಮಾಡಿ, ಜರಡಿ ಹಿಡಿದು, ಒಂದು ದಿನವನ್ನು ಆರಿಸಿದೆ. ಮೇ ಹತ್ತೊಂಬತ್ತು. ಬೆಂಕಿ ಇಲ್ಲ, ಸಾವಿಲ್ಲ. ಒಂದು ಸೇತುವೆ ಉದ್ಘಾಟನೆ, ಮೊಟ್ಟೆಯ ಬೆಲೆ ಇಳಿದದ್ದು, ಸಮನಾಗಿ ಮುಗಿದ ಒಂದು ಫುಟ್‌ಬಾಲ್ ಪಂದ್ಯ, ನಾಳೆ ಆಕಾಶ ನಿರ್ಮಲ. ನಿನ್ನೆಯಿಂದ ಸಂಜೆ ಏಳಕ್ಕೆ ಅದೇ ಕ್ಯಾಸೆಟ್. ಸೇತುವೆ ನೋಡಿ ಅಮ್ಮ ಎರಡು ದಿನವೂ ಒಂದೇ ಥರ ಚಪ್ಪಾಳೆ ತಟ್ಟಿದಳು.

ಗೆದ್ದೆ ಎಂದುಕೊಂಡಿರುವ
ನಿನ್ನ ಅಣ್ಣ


ಜೂನ್ 12

ಅಣ್ಣನಿಗೆ,

ನಗು ಬರಲಿಲ್ಲ. ಬಟ್ಟೆ ಹೊದಿಸಿದ್ದು ಒಳ್ಳೆಯದಾಯಿತು. ರಟ್ಟು ಅಂಟಿಸಿದ್ದೂ.

ಕ್ಯಾಸೆಟ್ಟಿನ ವಿಷಯ ಎರಡು ಸಲ ಓದಿದೆ. ಒಂದೇ ದಿನವನ್ನು ದಿನವೂ ತೋರಿಸಿದರೆ ಅವಳಿಗೆ ತಿಳಿಯುವುದಿಲ್ಲ ಎನ್ನುತ್ತೀಯ. ಇರಬಹುದು. ಆದರೆ ಅವಳ ಜೊತೆಗೆ ನೀನೂ ಅಲ್ಲೇ ಕೂತು ನೋಡುತ್ತೀಯಲ್ಲ, ನಿನಗೆ ಏನಾಗುತ್ತದೆ? ಇಲ್ಲಿ ನಮ್ಮ ಹಾಲ್‌ನಲ್ಲಿ ಏಳಕ್ಕೆ ಹುಡುಗಿಯರೆಲ್ಲ ಸೇರುತ್ತಾರೆ, ಬೆಂಕಿಯೂ ಸಾವೂ ನೋಡುತ್ತಾರೆ, ಆಮೇಲೆ ಊಟ ಮಾಡುತ್ತಾರೆ.

ಇನ್ನೊಂದು. ಕ್ಯಾಸೆಟ್ಟನ್ನು ಕೊನೆಯವರೆಗೆ ನೋಡಿ ಆಯ್ದುಕೊಂಡೆಯಾ? ನೀನು ಸಿನಿಮಾದಿಂದಲೂ ಕೊನೆಗೆ ಐದು ನಿಮಿಷ ಇರುವಾಗಲೇ ಎದ್ದು ಬರುವವನು, ಅದಕ್ಕೆ ಕೇಳಿದೆ.

ನಾನು ಬರಬೇಕು ಎಂದು ನೀನು ಬರೆದಿಲ್ಲ. ಬರೆಯದೆಯೂ ಓದಿಕೊಂಡೆ. ರಜೆ ಇಲ್ಲ, ಇರುವುದು ಒಂದೇ ಕೋಣೆ; ಅದೂ ಎರಡನೇ ಮಹಡಿಯಲ್ಲಿ.

ತಂಗಿ


ಜೂನ್ 28

ತಂಗಿಗೆ,

ನಿನ್ನ ಬಾಯಲ್ಲಿ ಏನಿದೆಯೋ, ಹೇಳಿದ್ದು ಆಗಿಯೇ ಬಿಡುತ್ತದೆ. ಹವಾಮಾನ ಬಂದ ಮೇಲೆ ವಾರ್ತೆ ಮುಗಿದ ಹಾಗೆಯೇ ಅಲ್ಲವೇ? ಅಷ್ಟರಲ್ಲಿ ಗಿರಾಕಿ ಬಂದ, ಎದ್ದೆ. ಇಪ್ಪತ್ತಾರನೇ ನಿಮಿಷಕ್ಕೆ ಒಂದು ಫೋಟೋ ಬರುತ್ತದೆ: ಕಾಣೆಯಾಗಿದ್ದಾರೆ. ಎಪ್ಪತ್ತು ದಾಟಿದ ಮನುಷ್ಯ, ನೀಲಿ ಅಂಗಿ, ಮರೆವಿನ ಕಾಯಿಲೆ, ಸುಳಿವು ಸಿಕ್ಕವರು ದಯವಿಟ್ಟು ಈ ನಂಬರಿಗೆ ತಿಳಿಸಿ.

ಎಕ್ಸ್‌ಚೇಂಜಿನಲ್ಲಿ ಒಂದು ಕಟ್ಟುಪಾಡು ಇತ್ತು, ನೆನಪಿದೆಯಾ? ತುರ್ತು ಕರೆ ಯಾರ ಮುಂದಿನ ಸ್ವಿಚ್ ಹಲಗೆಗೆ ಬರುತ್ತದೋ, ಆ ಕಡೆಯವರು ಸಿಗುವ ತನಕ ಅವರು ಕುರ್ಚಿ ಬಿಟ್ಟು ಏಳುವಂತಿಲ್ಲ, ಪಾಳಿ ಮುಗಿದರೂ. ಒಮ್ಮೆ ಅಮ್ಮ ಹತ್ತೊಂಬತ್ತು ಗಂಟೆ ಕೂತಿದ್ದಳು. ನಾವಿಬ್ಬರೂ ಪಕ್ಕದ ಮನೆಯಲ್ಲಿ ಉಂಡು ಮಲಗಿದ್ದೆವು. ಈಗ ದಿನವೂ ಏಳು ಇಪ್ಪತ್ತಾರಕ್ಕೆ ಅವಳ ಹಲಗೆಗೆ ಒಂದು ತುರ್ತು ಕರೆ. ದಿನವೂ ಹೊಸದು. ಫೋನಂತೂ ಇಲ್ಲ. ಅದಕ್ಕೆ ಚಪ್ಪಲಿ ಮೆಟ್ಟಿ ಹೊರಡುತ್ತಾಳೆ.

"ಎಲ್ಲಿಗಮ್ಮ?"

"ಯಾರೂ ಹುಡುಕ್ತಾನೇ ಇಲ್ವಲ್ಲೋ. ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಬೆಳಿಗ್ಗೆ ಹೋಗೋಣ."

"ಬೆಳಿಗ್ಗೆ ತನಕ ಆ ಮನುಷ್ಯ ಎಲ್ಲಿ ನಿಂತ್ಕೋಬೇಕು?"

ಇದಕ್ಕೆ ನಿನ್ನ ಹತ್ತಿರ ಉತ್ತರವಿದ್ದರೆ ಬರೆದು ಕಳಿಸು. ನಾನು ಅಂಗಡಿಯಿಂದ ಆ ನಂಬರಿಗೆ ಮಾಡಿ ವಿಚಾರಿಸಿದೆ. ಪುಣ್ಯಾತ್ಮ ಎರಡೇ ದಿನಕ್ಕೆ ಮನೆಗೆ ಬಂದು, ಈಗ ಮೊಮ್ಮಕ್ಕಳಿಗೆ ಬಯ್ಯುತ್ತಾ ಕೂತಿದ್ದಾನಂತೆ. ಅಮ್ಮನಿಗೆ ಹೇಳಿದೆ. "ಅಬ್ಬ, ಸದ್ಯ" ಎಂದಳು. ಮಾರನೆಯ ದಿನ ಮತ್ತೆ ಚಪ್ಪಲಿ.

ಆ ಭಾಗ ಕತ್ತರಿಸಿ ನೋಡಿದೆ. ತಿಂಡಿ ತಿಂದದ್ದು ನೆನಪಿಲ್ಲದವಳಿಗೆ, ಕ್ಯಾಸೆಟ್ಟಿನ ಆ ಜಾಗದಲ್ಲಿ ಏನೋ ತೆಗೆದಿದ್ದಾರೆ ಎನ್ನುವುದು ಮೈಗೆ ಗೊತ್ತು. "ಏನೋ ಮುಚ್ಚಿಡ್ತಿದೀರ ನೀವು" ಎಂದು ಮಲಗುವ ಹೊತ್ತಿನ ತನಕ ಟಿವಿಯ ಹಿಂದೆ ಮುಂದೆ ತಡಕಾಡಿದಳು. ಬಾಗಿಲಿಗೆ ಬೀಗ ಹಾಕಿದೆ. ಗುದ್ದಿ ಗುದ್ದಿ ಕೈ ಸಿಪ್ಪೆ ಎದ್ದು ರಕ್ತ ಬಂತು. ಬೀಗ ತೆಗೆದೆ. ಬೇರೆ ದಿನದ ವಾರ್ತೆ ಹಾಕಿದರೆ, "ಇದು ಇವತ್ತಿಂದಲ್ಲ" ಎಂದು ಎದ್ದುಬಿಡುತ್ತಾಳೆ.

ಮೊನ್ನೆ ಹಗಲಿನಾಕೆ, ಅದೇ ಅಡುಗೆಗೆ ಬರುವಾಕೆ, ಏಳಕ್ಕೆ ಕ್ಯಾಸೆಟ್ ಹಾಕಿಕೊಟ್ಟು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ನಾನು ಇನ್ನೂ ಅಂಗಡಿಯಲ್ಲಿದ್ದೆ. ಅಮ್ಮ ಸಿಕ್ಕಿದ್ದು ರೈಲ್ವೆ ಗೇಟಿನಲ್ಲಿ. ಗೇಟು ಹಾಕಿತ್ತು, ಅವಳು ಅದರ ಆ ಕಡೆ ಇದ್ದಳು, ಹಳಿಗಳ ಪಕ್ಕ, ಇಂಜಿನ್ನಿನ ದೀಪಕ್ಕೆ ಕೈ ಅಡ್ಡ ಹಿಡಿದು. ಗೇಟಿನವನು ನನಗೆ ಹೇಳಿದ್ದು ಒಂದೇ ಮಾತು: "ಇನ್ನೊಂದ್ಸಲ ನಾನು ನೋಡದೇ ಇರ್ಬೋದು ಸ್ವಾಮಿ."

ಮದುವೆ ಎನ್ನುವ ಮಾಡೆಲನ್ನು ನಾನು ಕೊಳ್ಳಲೇ ಇಲ್ಲ, ಆದ್ದರಿಂದ ಮನೆಯಲ್ಲಿ ಇನ್ನೊಂದು ಜೊತೆ ಕಣ್ಣಿಲ್ಲ. ಇದನ್ನು ಸುಮ್ಮನೆ ತಿಳಿಸಿದೆ ಅಷ್ಟೆ.

ನಿನ್ನ ಅಣ್ಣ


ಜುಲೈ 8

ತಂಗಿಗೆ,

ಅಮ್ಮ ಕೊನೆಗೂ ಆ ಮನುಷ್ಯನನ್ನು ಹುಡುಕಿದಳು.

ಬರೆದದ್ದು ಸರಿಯಾಗಿಯೇ ಇದೆ. ಶನಿವಾರ, ನಾಲ್ಕನೇ ತಾರೀಖು, ನಾನು ಅಂಗಡಿ ಮುಚ್ಚಿ ಬಂದು ನೋಡುತ್ತೇನೆ: ದಿವಾನದ ಮೇಲೆ ಅಮ್ಮ, ಪಕ್ಕದ ಕುರ್ಚಿಯಲ್ಲಿ ಒಬ್ಬ ಹಿರಿಯ. ಇಬ್ಬರ ಕೈಯಲ್ಲೂ ಚಹಾ. ಎದುರಿಗೆ ಸೇತುವೆಯ ಉದ್ಘಾಟನೆ.

"ಯಾರಮ್ಮ ಇವರು?"

"ಶ್, ಕೂತ್ಕೋ. ಸಿಕ್ಕಿದಾರೆ."

"ಎಲ್ಲಿ ಸಿಕ್ಕಿದ್ರು?"

"ಬಸ್ ಸ್ಟಾಪಲ್ಲಿ ನಿಂತಿದ್ರು ಪಾಪ. ಯಾರೂ ಹತ್ತಿಸ್ಕೊಳ್ತಾನೇ ಇರ್ಲಿಲ್ಲ."

ನಾನು ಅವರ ಎದುರಿಗೆ ಕೂತು ವಿಚಾರಣೆ ಶುರುಮಾಡಿದೆ. ಯಾವ ಊರು ಯಜಮಾನ್ರೇ? "ಹೌದು." ಹೆಸರೇನು? "ಹೌದು ಹೌದು." ಮನೇಲಿ ಯಾರ್ ಯಾರಿದಾರೆ? ಇದಕ್ಕೆ ಬಹಳ ಹೊತ್ತು ಯೋಚಿಸಿ, ಕಪ್ಪನ್ನು ಕೆಳಗಿಟ್ಟು, ಮೆಲ್ಲಗೆ "ಹೌದಪ್ಪ" ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರು ಹೌದಪ್ಪನವರು. ಅಂಗಿ ನೀಲಿಯಲ್ಲ, ಹಸಿರು. ಕ್ಯಾಸೆಟ್ಟಿನ ಫೋಟೋಗೂ ಇವರಿಗೂ ಹೋಲಿಕೆ ಎಂದರೆ ಇಬ್ಬರಿಗೂ ವಯಸ್ಸಾಗಿದೆ, ಅಷ್ಟೆ. ಎಡಗಿವಿಯ ಕೆಳಗೆ ಕಡಲೆಕಾಳಿನಷ್ಟು ಮಚ್ಚೆ, ಬಲಗೈಯ ಕಿರುಬೆರಳು ಅರ್ಧ ಇಲ್ಲ. ಜೇಬಿನಲ್ಲಿ ಒಂದು ಬಾಚಣಿಗೆ ಮಾತ್ರ.

ಏಳು ಇಪ್ಪತ್ತಾರಕ್ಕೆ ಫೋಟೋ ಬಂತು. ನಾನು ಬಾಗಿಲ ಹತ್ತಿರ ಹೋಗಿ ನಿಂತೆ. ಅಮ್ಮ ಏಳಲಿಲ್ಲ. ಹೌದಪ್ಪನವರ ಕಡೆ ಬೆರಳು ತೋರಿಸಿ ಟಿವಿಯವನಿಗೆ ಹೇಳಿದಳು: "ಇಲ್ಲೇ ಇದಾರೆ. ಚಹಾ ಕುಡೀತಿದಾರೆ. ಮನೆಯವರಿಗೆ ತಿಳಿಸಿಬಿಡಿ." ಆಮೇಲೆ ಕಾಲು ಚಾಚಿ ಕೂತಳು. ಆ ಮುಖವನ್ನು ನಾನು ಎಕ್ಸ್‌ಚೇಂಜಿನ ದಿನಗಳಲ್ಲಿ ನೋಡಿದ್ದೆ, ಪಾಳಿ ಮುಗಿಸಿ ಬರುವಾಗ.

ಇವತ್ತಿಗೆ ಐದು ಸಂಜೆ. ಐದು ಸಂಜೆಯೂ ಸಿಕ್ಕಿದ್ದಾರೆ, ಐದು ಸಂಜೆಯೂ ಅವಳು ಗೆದ್ದಿದ್ದಾಳೆ. ಚಪ್ಪಲಿ ಬಾಗಿಲಲ್ಲೇ ಇದೆ. ಅಮ್ಮ ಮಲಗಿದರೆ ಬೆಳಿಗ್ಗೆ ಏಳುತ್ತಾಳೆ, ನಾನೂ ಹಾಗೆಯೇ. ಹಗಲಿನಾಕೆಗೂ ಅಕ್ಕಪಕ್ಕದವರಿಗೂ ದೂರದ ದೊಡ್ಡಪ್ಪ ಎಂದು ಹೇಳಿದ್ದೇನೆ. ಗಡ್ಡ ನಾನೇ ಹೆರೆಯುತ್ತೇನೆ, ಉಗುರನ್ನು ಅಮ್ಮ ಕತ್ತರಿಸಿದಳು. ಆ ಅರ್ಧ ಬೆರಳನ್ನು ಹಿಡಿದು, "ಇದರ ಉಗುರು ಎಲ್ಲಿ ಬಿಟ್ರಿ?" ಎಂದಳು. "ಹೌದು" ಎಂದರು. ಇಬ್ಬರೂ ನಕ್ಕರು ಮಾರಾಯ್ತಿ, ಎಷ್ಟು ಹೊತ್ತು ನಕ್ಕರು.

ನಾಳೆ ಠಾಣೆಗೆ ಹೋಗಿ ಹೇಳಿ ಬರುತ್ತೇನೆ.

ನಿನ್ನ ಅಣ್ಣ


ಜುಲೈ 12

ಅಣ್ಣನಿಗೆ,

ಅವರು ಯಾರದೋ ಅಪ್ಪ. ಹೆಸರಿಟ್ಟು ಸಾಕುವುದಕ್ಕೆ ಬೀದಿಯ ಬೆಕ್ಕಲ್ಲ.

"ನಾಳೆ ಠಾಣೆಗೆ" ಎಂದು ಎಂಟನೇ ತಾರೀಖು ಬರೆದಿದ್ದೀಯ. ಹೋದೆಯಾ? ಏನೆಂದರು? ಯಾರ ಹೆಸರಿನಲ್ಲಿ ಬರೆಸಿದೆ? ಅವರಿಗೆ ಬೇರೆ ಕಾಯಿಲೆ ಏನಾದರೂ ಇದೆಯೋ, ಔಷಧಿ ತೆಗೆದುಕೊಳ್ಳುತ್ತಿದ್ದರೋ, ಒಬ್ಬ ಡಾಕ್ಟರಿಗಾದರೂ ತೋರಿಸು. ನಮ್ಮ ಹುಡುಗಿಯರಿಗೆ ನರ್ಸಿಂಗ್ ಪಾಠದಲ್ಲಿ ಮೊದಲು ಹೇಳಿಕೊಡುವುದೇ ಇದು: ಹೇಳಲು ಬಾರದ ರೋಗಿಯನ್ನು ಎರಡು ಸಲ ಪರೀಕ್ಷಿಸಬೇಕು.

ಅಮ್ಮ ಮಲಗುತ್ತಾಳೆ ಎಂದು ಓದಿ ನನಗೂ ನಿದ್ದೆ ಬಂತು. ಅದನ್ನು ಬರೆಯಬಾರದು ಎಂದುಕೊಂಡಿದ್ದೆ.

ತಂಗಿ


ಜುಲೈ 17

ತಂಗಿಗೆ,

ಠಾಣೆಗೆ ಹೋಗಿದ್ದೆ. ದೊಡ್ಡವರು ಇರಲಿಲ್ಲ, ಇದ್ದವನು ಊಟದಲ್ಲಿದ್ದ. ಮತ್ತೆ ಹೋಗಬೇಕು. ಡಾಕ್ಟರಿಗೆ ಏನೆಂದು ತೋರಿಸಲಿ? ಹೆಸರು ಕೇಳುತ್ತಾರೆ, ಸಂಬಂಧ ಕೇಳುತ್ತಾರೆ. ಕುಳಿತಲ್ಲಿ ಕುಳಿತು ಉಣ್ಣುವ ಮನುಷ್ಯನಿಗೆ ಏನು ಕಾಯಿಲೆ? ನೀರು ಸ್ವಲ್ಪ ಹೆಚ್ಚು ಕುಡಿಯುತ್ತಾರೆ, ಅಷ್ಟೆ. ಜಗ್ಗಿನ ಮೇಲೆ ಜಗ್ಗು. ಅಮ್ಮ ಬಗ್ಗಿಸಿಕೊಡುತ್ತಲೇ ಇರುತ್ತಾಳೆ, ಆಮೇಲೆ ಸಕ್ಕರೆ ಹಾಕಿದ ಚಹಾ. ಬಚ್ಚಲಿಗೆ ಕರೆದುಕೊಂಡು ಹೋಗಿ ಬರುವುದೇ ದಿನಕ್ಕೆ ಹದಿಮೂರು, ಹದಿನಾಲ್ಕು ಸಲ. ಪ್ಯಾಂಟು ಸಡಿಲವಾಗಿದೆ, ದಾರ ಕಟ್ಟಿದ್ದೇನೆ. ಹೊಸ ಜಾಗದ ಊಟ ಮೈಗೆ ಹತ್ತಲು ಸಮಯ ಬೇಕು.

ಈಗೀಗ ಅಂಗಡಿಯನ್ನು ಆರೂವರೆಗೇ ಮುಚ್ಚುತ್ತೇನೆ. ವ್ಯಾಪಾರವಿಲ್ಲ. ಸಂಜೆ ಹೊತ್ತು ಟಿವಿ ಕೊಳ್ಳಲು ಯಾರು ಬರುತ್ತಾರೆ, ಎಲ್ಲರೂ ಮನೆಯಲ್ಲಿ ಟಿವಿ ನೋಡುತ್ತಿರುತ್ತಾರೆ.

ನೀನು ಕೇಳಿದೆಯಲ್ಲ, ಕ್ಯಾಸೆಟ್ ನೋಡಿ ನೋಡಿ ನನಗೆ ಏನಾಗುತ್ತದೆ ಎಂದು. ಏನೂ ಆಗುವುದಿಲ್ಲ. ಅದೇ ಸುಖ. ಮೊಟ್ಟೆಯ ಬೆಲೆ ಇಳಿಯುತ್ತದೆ, ಆಕಾಶ ನಿರ್ಮಲವಾಗಿರುತ್ತದೆ. ಮೂವರೂ ಸಾಲಾಗಿ ಕೂತಿರುತ್ತೇವೆ. ಹೊರಗಿನ ಸುದ್ದಿ ಹೊರಗೇ ಇದೆ.

ನಿನಗೆ ಬೇರೆ ಏನಾದರೂ ದಾರಿ ತೋಚಿದರೆ ಹೇಳು. ದಾರಿ ಎಂದರೆ ಬುದ್ಧಿಮಾತಲ್ಲ. ಗೇಟಿನ ಆ ಕಡೆ ನಿಂತು ಅಮ್ಮನನ್ನು ಹಿಡಿದುಕೊಳ್ಳುವ ಕೈ.

ನಿನ್ನ ಅಣ್ಣ


ಜುಲೈ 22, ಎಕ್ಸ್‌ಪ್ರೆಸ್ ಅಂಚೆ

ಅಣ್ಣ,

ನಿನ್ನೆ ಏಳು ಗಂಟೆಯ ವಾರ್ತೆಯ ಕೊನೆಯಲ್ಲಿ ಅವರ ಫೋಟೋ ಬಂತು. ಹುಡುಗಿಯರ ಹಿಂದೆ ನಿಂತು ನೋಡಿದೆ. ಹಸಿರು ಅಂಗಿ, ಎಡಗಿವಿಯ ಕೆಳಗೆ ಮಚ್ಚೆ, ಬಲಗೈಯ ಅರ್ಧ ಕಿರುಬೆರಳು. ಜುಲೈ ನಾಲ್ಕರಿಂದ ಕಾಣೆಯಾಗಿದ್ದಾರೆ. ಸಕ್ಕರೆ ಕಾಯಿಲೆ ಇದೆ, ದಿನವೂ ಇಂಜೆಕ್ಷನ್ ಆಗಲೇಬೇಕು, ಕಂಡವರು ತಡಮಾಡಬೇಡಿ ಎಂದು ಓದಿದರು. ಮಗಳ ನಂಬರು ಕೊಟ್ಟರು. ನಿನ್ನಿಂದ ಒಂದು ಗಂಟೆಯ ಬಸ್ಸಿನ ದಾರಿಯ ಊರು.

ಆಗಲೇ ಅಂಗಡಿಗೆ ಫೋನ್ ಮಾಡಿದೆ. ಎತ್ತುವವರಿಲ್ಲ. ಇವತ್ತು ಬೆಳಿಗ್ಗೆ ಹತ್ತಕ್ಕೆ ನೀನು ಎತ್ತಿದೆ. "ಅಣ್ಣ, ಅವರು" ಅಂದೆ, ಅಷ್ಟೇ. ನೀನು "ಗೊತ್ತು" ಅಂದೆ. "ಗಿರಾಕಿ ಇದಾರೆ, ಆಮೇಲೆ" ಎಂದು ಇಟ್ಟುಬಿಟ್ಟೆ. ಆಮೇಲೆ ಎತ್ತಲೇ ಇಲ್ಲ.

ಗೊತ್ತು ಎಂದರೆ ಯಾವಾಗಿನಿಂದ?

ಶನಿವಾರದವರೆಗೆ ಸಮಯ ಕೊಡುತ್ತೇನೆ. ಅವರನ್ನು ಬಸ್ಸು ಹತ್ತಿಸುತ್ತೀಯೋ, ಆಸ್ಪತ್ರೆಗೆ ಸೇರಿಸುತ್ತೀಯೋ, ಅವರ ಮಗಳನ್ನೇ ಕರೆಸುತ್ತೀಯೋ, ನಿನ್ನ ಕೈಯಿಂದಲೇ ಆಗಲಿ. ಭಾನುವಾರ ಬೆಳಿಗ್ಗೆ ನಾನೇ ಆ ನಂಬರಿಗೆ ಮಾಡುತ್ತೇನೆ.

ತಂಗಿ


ಜುಲೈ 29

ತಂಗಿಗೆ,

ಕೂತು ಓದು. ಬಾಗಿಲು ಹಾಕಿಕೋ.

ಯಾವಾಗಿನಿಂದ ಎಂದು ಕೇಳಿದ್ದೀಯ. ಹದಿಮೂರನೇ ತಾರೀಖಿನಿಂದ. ಅಂಗಡಿಯಲ್ಲಿ ಒಬ್ಬರು ದೊಡ್ಡ ಸೆಟ್ಟು ನೋಡುತ್ತಿದ್ದರು, ಬಣ್ಣ ತೋರಿಸಲು ಎಲ್ಲವನ್ನೂ ಹಚ್ಚಿದ್ದೆ. ಏಳು ಇಪ್ಪತ್ತೈದರ ಸುಮಾರಿಗೆ ಇಪ್ಪತ್ತೊಂದು ಹೌದಪ್ಪನವರು ಒಟ್ಟಿಗೆ ನನ್ನನ್ನು ನೋಡಿದರು. ದೊಡ್ಡ ಪರದೆಯಲ್ಲಿ ಮಚ್ಚೆ ರೊಟ್ಟಿಯಷ್ಟಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಗಿರಾಕಿಯ ಮುಖ ನೋಡಿದೆ. ಅವನು ಬೆಲೆಯ ಚೀಟಿ ಓದುತ್ತಿದ್ದ. ಒಂದೊಂದಾಗಿ ಆರಿಸುತ್ತಾ ಹೋದೆ. "ಯಾಕ್ರೀ ಆರಿಸ್ತೀರಿ?" ಎಂದ. "ವೋಲ್ಟೇಜ್ ಸರಿಯಿಲ್ಲ" ಎಂದೆ. ಹದಿನಾಲ್ಕನೆಯದಕ್ಕೆ ಬರುವಾಗ ಇಂಜೆಕ್ಷನ್ ಎನ್ನುವ ಮಾತು ಬಂತು. ಕೇಳಿಸಿತು. ಕೇಳಿಸಲಿಲ್ಲ ಎಂದು ನಿನಗೆ ಬರೆಯಬಹುದಿತ್ತು.

ಠಾಣೆಗೆ ಒಂದು ದಿನವೂ ಹೋಗಿಲ್ಲ.

ನಾನು ಹಾಕಿದ ಲೆಕ್ಕ ಇಷ್ಟು: ಇವರನ್ನು ಕಳಿಸಿದ ಸಂಜೆಯೇ ಅಮ್ಮ ಗೇಟಿಗೆ ಹೋಗುತ್ತಾಳೆ. ಇವರಿಗೆ ಏನಾದರೂ ಆಗಬಹುದು, ಅಮ್ಮನಿಗೆ ಆಗಿಯೇ ಆಗುತ್ತದೆ. "ಬಹುದು"ವನ್ನು ಒಂದು ತಟ್ಟೆಯಲ್ಲಿ, "ಆಗುತ್ತದೆ"ಯನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗಿದೆ. ತಕ್ಕಡಿ ಹಿಡಿದಿದ್ದವನೂ ನಾನೇ.

ನಿನ್ನ ಎಕ್ಸ್‌ಪ್ರೆಸ್ ಶುಕ್ರವಾರ ಬಂತು. ಶನಿವಾರ ಅಂಗಡಿ ಮುಚ್ಚಿ ಬಂದವನೇ ಆಟೋ ಹಿಡಿದು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಎಂದು ನಿಶ್ಚಯಿಸಿದ್ದೆ. ನಂಬಿದರೆ ನಂಬು. ಆರೂವರೆಗೆ ಬಾಗಿಲು ತಳ್ಳಿದರೆ ಅಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಮಲಗಿದಾರೆ. ಮೆಲ್ಲಗೆ ನಡಿ."

"ಯಾವಾಗ್ಲಿಂದಮ್ಮ?"

"ಈಗ್ತಾನೇ."

ಅವಳಿಗೆ ಎಲ್ಲವೂ ಈಗ ತಾನೇ. ಹಗಲಿನಾಕೆ ಹೇಳಿದ ಪ್ರಕಾರ ಮಧ್ಯಾಹ್ನದ ಊಟಕ್ಕೆ ಕರೆದಾಗಲೂ ಎದ್ದಿರಲಿಲ್ಲ. ಅಮ್ಮ ಒಂದು ಶಾಲು ಹೊದಿಸಿ, ಬಟ್ಟೆಯನ್ನು ಟಿವಿಗೂ ಹೊದಿಸಿ, ಇಡೀ ಮಧ್ಯಾಹ್ನ ಪಕ್ಕದಲ್ಲಿ ಕಾವಲು ಕೂತಿದ್ದಳು. ಕರೆದೆ, ಅಲುಗಾಡಿಸಿದೆ. ಉಸಿರಿಗೆ ಕೊಳೆತ ಹಣ್ಣಿನ ವಾಸನೆ. ಎತ್ತಿಕೊಂಡರೆ ಏನೂ ತೂಕವಿಲ್ಲ. ನಮ್ಮ ಚಿಕ್ಕ ಸೆಟ್ಟು ಇದಕ್ಕಿಂತ ಭಾರ.

ಸೋಮವಾರ ಬೆಳಗಿನ ಜಾವ ಆಸ್ಪತ್ರೆಯಲ್ಲೇ ಹೋದರು. ಎಚ್ಚರವಾಗಲೇ ಇಲ್ಲ.

ಪೊಲೀಸಿನವರು ಮನೆಗೆ ಬಂದರು. ಯಾವಾಗ ಬಂದ್ರು ಇವರು ನಿಮ್ಮನೆಗೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರ ಕೊಟ್ಟಳು: "ಇವತ್ತು ಬಂದ್ರು. ಬಸ್ ಸ್ಟಾಪಲ್ಲಿ ನಿಂತಿದ್ರು." ನಾನು, ಶನಿವಾರ ಬೆಳಿಗ್ಗೆ ಕರೆತಂದಿದ್ದಾಳೆ ಸಾರ್, ನಾನು ಅಂಗಡಿಯಲ್ಲಿದ್ದೆ ಎಂದೆ. ಹಾಗೆಯೇ ಬರೆದುಕೊಂಡರು. ಹಗಲಿನಾಕೆಯನ್ನು ಕೇಳಿದರೆ, "ನಾನು ಅಡುಗೆಮನೆಯವಳು ಸಾರ್, ಹೊರಗಿನ ಉಸಾಬರಿ ನಂಗೆ ಗೊತ್ತಿಲ್ಲ" ಎಂದಳು. ಮಾರನೆಯ ದಿನದಿಂದ ಕೆಲಸಕ್ಕೆ ಬಂದಿಲ್ಲ.

ಮಗಳು ಬಂದಿದ್ದರು. ನಿನ್ನ ವಯಸ್ಸಿನವರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, "ಕೊನೇ ಹೊತ್ತಲ್ಲಾದ್ರೂ ನಿಮ್ಮ ತಾಯಿ ಕೈಗೆ ಸಿಕ್ಕಿದ್ರಲ್ಲ ಅಣ್ಣಾ" ಎಂದರು. ಕೈ ಬಿಡಿಸಿಕೊಳ್ಳಲು ನನಗೆ ತಿಳಿಯಲಿಲ್ಲ.

ಬರೆದುಕೊಂಡವರಿಗೆ ತಾರೀಖು ಸಿಕ್ಕಿದೆ, ಫೈಲು ಮುಚ್ಚುತ್ತಾರೆ. ಬೇರೆ ತಾರೀಖು ಇರುವುದು ಒಂದೇ ಕಡೆ, ನಿನ್ನ ಹತ್ತಿರ ಇರುವ ನನ್ನ ಕಾಗದಗಳಲ್ಲಿ. ನಾಲ್ಕು ಎಂದು ಬರೆದಿದ್ದೇನೆ, ಮಚ್ಚೆ ಬರೆದಿದ್ದೇನೆ, ಜಗ್ಗುಗಟ್ಟಲೆ ನೀರು ಬರೆದಿದ್ದೇನೆ. ಇದನ್ನೂ ಸೇರಿಸಿ ಎಲ್ಲವನ್ನೂ ಒಲೆಗೆ ಹಾಕು. ನನ್ನನ್ನು ಕರೆದುಕೊಂಡು ಹೋದರೆ ಅಮ್ಮನನ್ನು ಯಾರು ನೋಡುತ್ತಾರೆ ಎಂಬುದನ್ನು ಒಲೆಯ ಮುಂದೆ ನಿಂತು ಯೋಚಿಸು. ಎರಡನೇ ಮಹಡಿಯ ಒಂದೇ ಕೋಣೆ ಎಂದು ನೀನೇ ಬರೆದಿದ್ದೆ.

ಮೂರು ಸಂಜೆಯಿಂದ ಅವಳ ಸೆರಗಿನ ತುದಿಯನ್ನು ನನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಕೂರುತ್ತಿದ್ದೇನೆ.

ನಿನ್ನ ಅಣ್ಣ


ಆಗಸ್ಟ್ 1

ಅಣ್ಣನಿಗೆ,

ಸುಡಲಿಲ್ಲ.

ಒಲೆಯ ಮುಂದೆ ನಿಂತಿದ್ದೆ. ನೀನು ಹೇಳಿದ್ದನ್ನೇ ಯೋಚಿಸಿದೆ. ಅದನ್ನು ನಾನು ಈ ವಾರ ಮೊದಲ ಸಲ ಯೋಚಿಸಿದ್ದಲ್ಲ. ಇಪ್ಪತ್ತೊಂದನೇ ತಾರೀಖು ಹಾಲ್‌ನಲ್ಲಿ ಆ ನಂಬರನ್ನು ಅಂಗೈ ಮೇಲೆ ಬರೆದುಕೊಂಡವಳು ನಾನು. ಆಫೀಸಿನ ಫೋನು ಹತ್ತು ಹೆಜ್ಜೆ ದೂರದಲ್ಲಿತ್ತು. ಅವರ ಮಗಳಿಗೆ ಮಾಡುವ ಬದಲು ನಿನಗೆ ಮಾಡಿದೆ. ಆಮೇಲೆ ಕೂತು ನಿನಗೆ ಕಾಗದ ಬರೆದೆ, ಶನಿವಾರದವರೆಗೆ ಸಮಯ ಕೊಟ್ಟೆ. ನಾಲ್ಕು ದಿನ. ಅದೇನು ನಿನಗೆ ಕೊಟ್ಟದ್ದೇ? ಅವರು ಹೋದರೆ ಅಮ್ಮ ಇಲ್ಲಿಗೆ ಬರುತ್ತಾಳೆ ಎಂದು ನನಗೂ ಗೊತ್ತಿತ್ತು. ನಾನೂ ತೂಗಿದೆ.

ಭಾನುವಾರ ಬೆಳಿಗ್ಗೆ ಮಾಡುತ್ತೇನೆ ಎಂದಿದ್ದೆನಲ್ಲ, ಮಾಡಲಿಲ್ಲ. ನಿನ್ನೆ ಮಾಡಿದೆ. ಯಾರು ಎಂದು ಹೇಳದೆ, ಟಿವಿಯಲ್ಲಿ ನೋಡಿದವಳು ಎಂದೆ. ಅವರಿಗೆ ಮಾತಾಡುವವರು ಬೇಕಿತ್ತು. ಅರ್ಧ ಗಂಟೆ ಮಾತಾಡಿದರು. "ಮೂರು ವಾರ ನಮ್ಮಪ್ಪ ಎಲ್ಲಿದ್ರು ಅನ್ನೋದೇ ಗೊತ್ತಾಗ್ಲಿಲ್ಲ. ಆದ್ರೆ ಯಾರೋ ನೋಡ್ಕೊಂಡಿದಾರೆ ಮೇಡಂ. ಗಡ್ಡ ಹೆರೆದಿತ್ತು. ಉಗುರು ಎಷ್ಟು ಚೆನ್ನಾಗಿ ಕತ್ತರಿಸಿತ್ತು ಗೊತ್ತಾ. ಅದು ಒಂದೇ ದಿನದ್ದಲ್ಲ. ಒಂದ್ಸಲ ಕತ್ತರಿಸಿ, ಬೆಳೆದು, ಮತ್ತೆ ಕತ್ತರಿಸಿದ್ದು." ಬಸ್ ಸ್ಟಾಪಿನಿಂದ ಶುರುಮಾಡಿ ಒಂದೊಂದು ಮನೆಯ ಬಾಗಿಲನ್ನೂ ತಟ್ಟುತ್ತಿದ್ದಾರಂತೆ. ಆ ಪುಣ್ಯಾತ್ಮರು ಸಿಕ್ಕಿದರೆ ಕಾಲು ಮುಟ್ಟಬೇಕು ಎಂದರು. ನಿನ್ನ ಬೀದಿಗೆ ಇನ್ನೂ ಬಂದಿಲ್ಲ.

ನಾನು ಏನಾದರೂ ಹೇಳುವ ಮೊದಲೇ ಅವರೇ ವಿಳಾಸ ಕೊಟ್ಟರು, ಏನಾದರೂ ತಿಳಿದರೆ ಬರೆಯಿರಿ ಎಂದು.

ನಿನ್ನ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಇವತ್ತು ಅವರಿಗೆ ಕಳಿಸಿದ್ದೇನೆ. ನನ್ನವು ನಿನ್ನ ಹತ್ತಿರ ಇವೆ, ನೀನು ಸುಟ್ಟಿರಬಹುದು. ಅದಕ್ಕೇ ಅವುಗಳಲ್ಲಿ ಏನಿತ್ತು, ನಾನು ಎಷ್ಟು ದಿನ ಕೊಟ್ಟೆ, ಎಲ್ಲವನ್ನೂ ಮೊದಲ ಹಾಳೆಯಲ್ಲಿ ಬರೆದು ನನ್ನ ಹೆಸರು, ಹಾಸ್ಟೆಲಿನ ವಿಳಾಸ ಹಾಕಿದ್ದೇನೆ.

ಇಲ್ಲಿ ರಾಜೀನಾಮೆ ಕೊಟ್ಟಿದ್ದೇನೆ. ಮಂಗಳವಾರ ಸಂಜೆ ಐದರ ಬಸ್ಸಿಗೆ ಬರುತ್ತೇನೆ. ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ಇನ್ನೂ ಗೊತ್ತಿಲ್ಲ. ಅವಳ ಬಟ್ಟೆಗಳನ್ನು ಒಂದು ಚೀಲದಲ್ಲಿ ಹಾಕಿಡು.

ಇಲ್ಲಿಂದ ನಿನಗೂ ಅವರಿಗೂ ಅಂಚೆ ಮೂರೇ ದಿನ. ನೀನು ಇದನ್ನು ಓದುತ್ತಿರುವ ಹೊತ್ತಿಗೆ ಅವರೂ ಓದುತ್ತಿದ್ದಾರೆ. ನನ್ನ ಬಸ್ಸಿಗಿಂತ ಮೊದಲು ಅವರೇ ಬರಬಹುದು.

ಬಾಗಿಲನ್ನು ಅಮ್ಮ ತೆಗೆಯದ ಹಾಗೆ ನೋಡಿಕೋ. ನೀನೇ ತೆಗೆ.

ತಂಗಿ